ದೊಡ್ಡಮ್ಮನ ಬೆಳಗಿನ ಕ್ಯಾಲೆಂಡರ್

ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ಹೆಂಗಸು ನಿಜವಾಗಿ ಯಾರಿಗೂ ದೊಡ್ಡಮ್ಮ ಆಗಿರಲಿಲ್ಲ. ಅವರಿಗೆ ತಂಗಿಯರಿಲ್ಲ, ಗಂಡನಿಗೆ ತಮ್ಮಂದಿರಿಲ್ಲ. ಆ ಹೆಸರು ಬಂದದ್ದು ಒಬ್ಬ ಮುಂಗೋಪಿ ಮುದುಕನಿಂದ. ಕಿವಿ ಪರೀಕ್ಷೆಗೆ ಬಂದು ಕಾದು ಕಾದು ಬೇಸತ್ತ ಆತ ಮುಂಬಾಗಿಲ ಮೇಜಿನ ಎದುರು ನಿಂತು, 'ಹೀಗೆ ಕೂರಿಸೋಕೆ ಇದೇನು ನಿಮ್ಮ ದೊಡ್ಡಮ್ಮನ ಮನೇನಾ?' ಎಂದು ಕೂಗಿದನಂತೆ. ಕಿವಿ ಮಂದವಾದ್ದರಿಂದ ಆ ಕೂಗು ಇಡೀ ಕಟ್ಟಡಕ್ಕೆ ಕೇಳಿಸಿತು. ಮೇಜಿನ ಹಿಂದಿದ್ದ ಇವರು ಅಷ್ಟೇ ಗಟ್ಟಿಯಾಗಿ, 'ಹೌದು, ದೊಡ್ಡಮ್ಮ ನಾನೇ. ಬಂದಿದ್ದೀರಲ್ಲ, ಕೂತ್ಕೊಳ್ಳಿ' ಎಂದರಂತೆ. ಮುದುಕ ಹೋಗಿ ಕೂತ. ಹೆಸರು ಅಂಟಿಕೊಂಡಿತು. ಅವರ ಗಂಡನನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಆದರೂ ಆ ಮನುಷ್ಯ ತೀರಿಕೊಂಡಾಗ 'ದೊಡ್ಡಪ್ಪ ಹೋದರಂತೆ' ಎಂದೇ ಮಾತಾಡಿಕೊಂಡೆವು.

ನಾನು ಆ ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ನನಗೂ ಒಂದು ಹೆಸರಿಟ್ಟಿದ್ದಾರೆ, ವೈರಣ್ಣ ಅಂತ. ಈಗ ವೈರುಗಳಿಗೂ ನನಗೂ ಸಂಬಂಧ ಕಡಿಮೆ. ಇಡೀ ದಿನ ಪಾಸ್‌ವರ್ಡ್ ಮರೆತವರ ಜೊತೆಗೇ ಏಗುತ್ತೇನೆ. ಮರೆತವರು ತಪ್ಪು ತಮ್ಮದು ಎಂದು ಒಪ್ಪಿಕೊಂಡದ್ದನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲರ ಪಾಸ್‌ವರ್ಡನ್ನೂ ಕಂಪ್ಯೂಟರೇ ಮರೆಯುತ್ತದಂತೆ. ಈ ಕಥೆಯೂ ನನ್ನ ಬಳಿ ಬಂದದ್ದು ಅಂಥ ಒಂದು ದೂರಾಗಿಯೇ: ಕ್ಯಾಲೆಂಡರ್ ಕೆಟ್ಟಿದೆ, ನೋಡು ಅಂತ. ನೋಡುತ್ತಾ ಹೋದರೆ ಅದು ದೊಡ್ಡಮ್ಮನ ಬೆಳಗಿನ ಹೊತ್ತಿಗೆ ಸಂಬಂಧಿಸಿದ್ದಾಗಿತ್ತು. ಬೆಳಗಿನ ಆ ಒಂದಷ್ಟು ಹೊತ್ತು ಅವರ ಪಾಲಿಗೆ ಉಳಿಯುತ್ತದೋ ಇಲ್ಲವೋ ಎನ್ನುವುದು ನನ್ನ ಕೈಗೆ ಬಂದು ಕೂತಿತ್ತು. ನಾನೇನೂ ಅದನ್ನು ಬೇಡಿ ಪಡೆದವನಲ್ಲ.

ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವ ಕೋಣೆ ಒಂದೇ. ಗೋಡೆಗೆಲ್ಲಾ ಬೂದು ಬಣ್ಣದ ಸ್ಪಂಜು ಹೊಡೆದು, ಫ್ರಿಜ್ಜಿನ ಬಾಗಿಲಿನಷ್ಟು ದಪ್ಪದ ಬಾಗಿಲಿಟ್ಟಿದ್ದಾರೆ. ಒಳಗೆ ಹೋಗಿ ಬಾಗಿಲೆಳೆದುಕೊಂಡರೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ಮೌನದ ಕೋಣೆ ಎನ್ನುತ್ತಾರೆ. ಪರೀಕ್ಷೆ ಮಾಡುವವರು ಹಲವರು, ಕೋಣೆ ಒಂದು. ಹಾಗಾಗಿ ಮೇಲ್ ನೋಡುವ ಪ್ರೋಗ್ರಾಮಿನೊಳಗೇ ಆ ಕೋಣೆಗೆಂದು ಎಲ್ಲರಿಗೂ ಸೇರಿದ ಒಂದು ಕ್ಯಾಲೆಂಡರ್ ಇತ್ತು. ಯಾರಿಗೆ ಯಾವ ಹೊತ್ತಿಗೆ ಕೋಣೆ ಬೇಕೋ ಅವರು ಅಲ್ಲಿ ಬರೆಯಬೇಕು. ಹಿಂದೆ ಅದನ್ನು ಶುರು ಮಾಡಿದ್ದು, ಸಾಕಿದ್ದು ಎಲ್ಲಾ ದೊಡ್ಡಮ್ಮ. ಅವರು ನಿವೃತ್ತರಾಗಿ ಹೋದ ಮೇಲೂ ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ನಮ್ಮವರಿಗೆ ಅದರ ಬಗ್ಗೆ ಒಂದು ನಂಬಿಕೆಯಿತ್ತು. ಬೇರೆ ಯಾವ ಆಫೀಸಿನಲ್ಲೂ ಇಂಥ ನಂಬಿಕೆ ಇರಲಾರದು. ಆಗಲೇ ಯಾರೋ ಬರೆದ ಹೊತ್ತಿನ ಮೇಲೆ ಇನ್ನೊಬ್ಬರು ಬರೆದರೂ ಪರವಾಗಿಲ್ಲ, ಕ್ಯಾಲೆಂಡರೇ ಅದನ್ನು ಹೊಂದಿಸಿಕೊಳ್ಳುತ್ತದೆ ಎಂದು. ಸಂಜೆ ಕಣ್ಣುಮುಚ್ಚಿ ಬರೆದು ಹೋಗುವುದು, ಮರುದಿನ ಬಂದು ನೋಡಿದರೆ ಒಂದು ಹಿಂದೆ, ಒಂದು ಮುಂದೆ, ಎಲ್ಲಾ ಅಚ್ಚುಕಟ್ಟು. 'ಒಳ್ಳೇ ಸಾಫ್ಟ್‌ವೇರ್ ಮಾರಾಯ' ಎಂದು ನನ್ನ ಬೆನ್ನು ತಟ್ಟಿದವರೂ ಇದ್ದಾರೆ. ನಾನು ತಟ್ಟಿಸಿಕೊಂಡೆ. ಕನ್ನಡಕ ಹಾಕುವ ಪರೀಕ್ಷಕ ಒಬ್ಬ ಮಾತ್ರ ಗೊಣಗುತ್ತಿದ್ದ. ಅವನು ಬೆಳಗ್ಗೆ ಎಂದು ಬರೆದದ್ದೆಲ್ಲಾ ಊಟವಾದ ಮೇಲಿನ ಹೊತ್ತಿಗೇ ಹೋಗಿ ಬೀಳುತ್ತಿತ್ತು. 'ಈ ಕ್ಯಾಲೆಂಡರಿಗೆ ನನ್ನ ಕಂಡ್ರೆ ಆಗಲ್ಲ' ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಮೇಲ್ ಸರ್ವರ್ ಹಳೆಯದಾಗಿತ್ತು, ಹೊಸದಕ್ಕೆ ಎಲ್ಲವನ್ನೂ ಸಾಗಿಸಿದೆವು. ಅಲ್ಲಿಂದ ಶುರುವಾಯಿತು ರಾಮಾಯಣ. ಮೌನದ ಕೋಣೆಯ ಬಾಗಿಲಲ್ಲಿ ಒಂದೇ ಹೊತ್ತಿಗೆ ಇಬ್ಬಿಬ್ಬರು ಬಂದು ನಿಲ್ಲತೊಡಗಿದರು. ವಯಸ್ಸಾದ ತಾಯಿಯನ್ನು ಕರೆತಂದ ಮಗ ಒಬ್ಬ, ಶಾಲೆಗೆ ರಜೆ ಹಾಕಿ ಬಂದ ಟೀಚರ್ ಒಬ್ಬರು, ಇಬ್ಬರ ಕೈಯಲ್ಲೂ ಅದೇ ಹೊತ್ತಿನ ಚೀಟಿ. ಪರೀಕ್ಷಕರಿಬ್ಬರೂ ಆ ದಪ್ಪ ಬಾಗಿಲಿನ ಹಿಡಿಕೆ ಹಿಡಿದು ಜಗಳಕ್ಕೆ ನಿಂತರು. ಮೌನದ ಕೋಣೆಯ ಮುಂದೆ ಅಷ್ಟು ಗದ್ದಲವನ್ನು ನಾನು ಮುಂಚೆ ಕೇಳಿರಲಿಲ್ಲ. ಕೊನೆಗೆ ಇಬ್ಬರೂ ಒಂದಾಗಿ ನನ್ನ ಕಡೆ ತಿರುಗಿದರು.

'ಮುಂಚೆ ಅದೇ ಹೊಂದಿಸಿಕೊಳ್ತಿತ್ತು. ನಿಮ್ಮ ಹೊಸ ಸರ್ವರ್ ಬಂದ ಮೇಲೇ ಕೆಟ್ಟಿದ್ದು.'

ಪ್ರೋಗ್ರಾಮಿನಲ್ಲಿ ತಪ್ಪಿರಬಹುದೆಂದು ಒಂದೊಂದೇ ಕಂಪ್ಯೂಟರಿನಲ್ಲಿ ಖಾತೆ ತೆಗೆದು ಮತ್ತೆ ಹಾಕಿದೆ. ಅದು ಕಟ್ಟಿಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನು ಅಳಿಸಿದೆ. ಕ್ಯಾಲೆಂಡರ್ ಎಲ್ಲರಿಗೂ ಕಾಣುತ್ತಿತ್ತು, ಎಲ್ಲರೂ ಬರೆಯಬಹುದಿತ್ತು. ಹೊಂದಿಸಿಕೊಳ್ಳುವುದೊಂದನ್ನು ಬಿಟ್ಟು ಬೇರೆಲ್ಲಾ ಸರಿಯಿತ್ತು. ಪ್ರೋಗ್ರಾಮಿನವರಿಗೆ ಫೋನ್ ಮಾಡಿದರೆ ದೋಷ ಸರ್ವರಿನದು ಎಂದರು. ಸರ್ವರಿನವರು ಪ್ರೋಗ್ರಾಮಿನದು ಎಂದರು. ಅತ್ತೆ ಸೊಸೆಯ ನಡುವೆ ಸಿಕ್ಕ ಗಂಡಸಿನ ಪಾಡು ನನ್ನದು. ಇಬ್ಬರಿಗೂ ಹೂಂಗುಟ್ಟಿ ಫೋನ್ ಇಟ್ಟೆ.

ಹಳೆಯ ಸರ್ವರನ್ನು ಇನ್ನೂ ಆಫ್ ಮಾಡಿರಲಿಲ್ಲ. ಅದರಲ್ಲೇ ಬೇಕೆಂದು ಒಂದರ ಮೇಲೊಂದು ಎರಡು ಹೊತ್ತು ಬರೆದು ಕಾದೆ. ಏನೂ ಆಗಲಿಲ್ಲ. ಮರುದಿನ ನೋಡಿದೆ, ಹಾಗೇ ಇದ್ದವು. ಎಂದರೆ ತಾನಾಗಿ ಹೊಂದಿಸಿಕೊಳ್ಳುವ ಗುಣ ಹಳೆಯದಕ್ಕೂ ಇರಲಿಲ್ಲ. ಹಾಗಾದರೆ ಇಷ್ಟು ಕಾಲ ಹೊಂದಿಸಿದ್ದು ಯಾರು? ಕ್ಯಾಲೆಂಡರಿನ ಅನುಮತಿಗಳನ್ನು ತೆರೆದು ನೋಡಿದೆ. ಒಡೆತನದ ಜಾಗದಲ್ಲಿ ದೊಡ್ಡಮ್ಮನ ಹೆಸರಿತ್ತು. ಹೊಸ ಸರ್ವರಿನಲ್ಲಿ ಒಡೆತನ ಕ್ಲಿನಿಕ್ಕಿನ ಸಾಮಾನ್ಯ ಖಾತೆಗೆ ಹೋಗಿ, ದೊಡ್ಡಮ್ಮನಿಗೆ ನೋಡುವ ಹಕ್ಕು ಮಾತ್ರ ಉಳಿದಿತ್ತು.

ಒಂದು ಕ್ಷಣ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬೀಳ್ಕೊಡುಗೆಯ ದಿನ ನೆನಪಾಯಿತು. ಹೊಸ ಕಂಪ್ಯೂಟರುಗಳು ಬಂದಿದ್ದ ಕಾಲ ಅದು. ದೊಡ್ಡಮ್ಮ ಕೂತು ಕೆಲಸ ಮಾಡಿದ ಹಳೆಯ ಕಂಪ್ಯೂಟರನ್ನೇ ಅವರಿಗೆ ಉಡುಗೊರೆಯಾಗಿ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಕಾರಿನ ಡಿಕ್ಕಿಗೆ ಏರಿಸಿ ಕಳಿಸಿದ್ದೆವು. ಅದರೊಳಗೆ ಅವರ ಮೇಲ್ ಖಾತೆ, ಪಾಸ್‌ವರ್ಡ್, ಮೌನದ ಕೋಣೆಯ ಕ್ಯಾಲೆಂಡರ್ ಎಲ್ಲಾ ಇದ್ದ ಹಾಗೇ ಇತ್ತು. ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸರ್ವರ್ ಬದಲಾದಾಗ ಅದೂ ನಮ್ಮ ಕಂಪ್ಯೂಟರುಗಳ ಹಾಗೇ ಹಳೆಯದನ್ನು ಬಿಟ್ಟು ತಾನಾಗಿ ಹೊಸದಕ್ಕೆ ಸೇರಿಕೊಂಡಿತ್ತು. ಅಂದರೆ ದೊಡ್ಡಮ್ಮ ಮನೆಯಲ್ಲಿ ಕೂತೇ ನಮ್ಮ ದಿನಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಅದನ್ನೇ ನಾವು ಸಾಫ್ಟ್‌ವೇರಿನ ಜಾಣತನ ಎಂದುಕೊಂಡಿದ್ದೆವು.

ಕ್ಲಿನಿಕ್ ನಡೆಸುವ ದೊಡ್ಡ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೆಚ್ಚಿಬಿದ್ದರು.

'ರೋಗಿಗಳ ಹೆಸರೆಲ್ಲಾ ಅದರಲ್ಲಿದೆಯಲ್ರೀ! ಹೊರಗಿನವರು ನೋಡೋ ಹಾಗಿಲ್ಲ. ಇವತ್ತೇ ತೆಗೆದುಬಿಡಿ.'

'ಅವರು ಹೊರಗಿನವರಾ?' ಎಂದೆ.

'ಈಗ ಹೌದು,' ಎಂದರು. 'ಆದರೆ ಫೋನಲ್ಲಿ ಹೇಳಬೇಡಿ. ಮನೆಗೆ ಹೋಗಿ ಬನ್ನಿ' ಎಂದರು. ಅವರನ್ನೇ ಬೆಳಗಿನ ಹೊತ್ತಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದಲ್ಲ ಎಂದು ಕೇಳಿದೆ. ಅಂಥ ಹುದ್ದೆ ಇಲ್ಲ ಎಂದರು. ಡಾಕ್ಟರಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ. ತಮ್ಮ ಕಿವಿಯ ವಿಷಯ ಯಾರ ಮನೆಯ ಪರದೆಯ ಮೇಲೋ ಇರುವುದು ರೋಗಿಗಳಿಗೆ ಹಿಡಿಸುವ ಮಾತಲ್ಲ.

ಹೊರಡುವ ಮುಂಚೆ ಹೊಸ ಸರ್ವರಿನಲ್ಲಿ ಒಂದು ಚಿಕ್ಕ ಚೌಕಕ್ಕೆ ಟಿಕ್ ಹಾಕಿದೆ. ಆಗಲೇ ತುಂಬಿದ ಹೊತ್ತಿನ ಮೇಲೆ ಯಾರಾದರೂ ಬರೆದರೆ ಅದು ಆಗದು ಎನ್ನುತ್ತದೆ. ಸರಿಸುವುದಿಲ್ಲ, ಮುಲಾಜಿಲ್ಲದೆ ಬೇಡ ಅನ್ನುತ್ತದೆ. ದೊಡ್ಡಮ್ಮ ದಿನವೂ ಕೂತು ಮಾಡುತ್ತಿದ್ದ ಕೆಲಸಕ್ಕೆ ಬದಲಾಗಿ ಆ ಟಿಕ್ ಸಾಕಾಯಿತು. ನನಗೆ ಯಾಕೋ ಅದು ಸರಿ ಕಾಣಲಿಲ್ಲ, ಆದರೆ ಕೆಲಸ ನಡೆಯಿತು.

ಅವರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲುಗಳಿಗೆ ಗ್ರೀಸಿನ ವಾಸನೆ. ಬಾಗಿಲು ತೆರೆದದ್ದು ಮಗಳು. ಸೊಂಟದ ಮೇಲೆ ಮಗು, ಭುಜದ ಮೇಲೆ ಒದ್ದೆ ಬಟ್ಟೆ. ಇವಳು ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಾಳೆ, ಅಳಿಯ ಬಸ್ ಓಡಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಆಫೀಸಿನಿಂದ ಬಂದೆ ಎಂದ ಕೂಡಲೇ ಆಕೆ ದನಿ ತಗ್ಗಿಸಿದಳು.

'ಅಮ್ಮ ಆಫೀಸಲ್ಲಿದ್ದಾರೆ. ಬನ್ನಿ.'

ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಓಣಿಯ ಕೊನೆಯಲ್ಲಿ ಒಂದು ಪರದೆ ಇಳಿಬಿಟ್ಟಿದ್ದರು. ಅದರ ಹಿಂದೆ ಕಿಟಕಿ, ಮೇಜು, ನಮ್ಮ ಹಳೆಯ ಕಂಪ್ಯೂಟರ್. ದೊಡ್ಡಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೈಗೆ ವಾಚು ಕಟ್ಟಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನನ್ನನ್ನು ಕಂಡು ಅವರ ಮುಖದಲ್ಲಿ ಖುಷಿಯೂ ಬಂತು, ಅದರ ಹಿಂದೆಯೇ ಇನ್ನೇನೋ ಬಂತು.

'ಬಂದೆಯಾ ತಮ್ಮಾ. ಬರ್ತೀಯ ಅಂದ್ಕೊಂಡಿದ್ದೆ. ಇಷ್ಟು ತಡ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ.'

ಆರೋಗ್ಯ ಹೇಗಿದೆ, ಮೆಟ್ಟಿಲು ಹತ್ತೋಕೆ ಕಷ್ಟ ಅಲ್ವಾ ಎಂದೆಲ್ಲಾ ನಾನು ಶುರು ಮಾಡಿದೆ. 'ಸುತ್ತಿ ಬಳಸಬೇಡ' ಎಂದರು. ಪರದೆಯ ಆಚೆ ಮಗು 'ಅಜ್ಜಿ' ಎಂದು ಕರೆಯಿತು. 'ಶ್, ಅಜ್ಜಿ ಆಫೀಸಲ್ಲಿದ್ದಾರೆ' ಎಂದು ಮಗಳು ಅದನ್ನು ಎತ್ತಿಕೊಂಡು ಹೋದಳು.

ನಾನು ಕಂಪ್ಯೂಟರಿನ ಪರದೆಯ ಮೇಲೆ ಕಣ್ಣು ಹಾಯಿಸಿದೆ. ಅದೇ ವಾರದ ಮೌನದ ಕೋಣೆ. ಕ್ಲಿನಿಕ್ಕಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುತ್ತಿದ್ದ ವಾರ ಇಲ್ಲಿ ಒಂದರ ಪಕ್ಕ ಒಂದು ಅಂದವಾಗಿ ಕೂತಿತ್ತು. ವಯಸ್ಸಾದ ತಾಯಿ ಬೆಳಗ್ಗೆ ಮೊದಲು, ಟೀಚರ್ ಅವರ ನಂತರ. ಇಬ್ಬರೂ ಜಗಳವಿಲ್ಲದೆ ಪರೀಕ್ಷೆ ಮುಗಿಸಿ ಮನೆಗೆ ಹೋಗಬಹುದಿತ್ತು. ಕನ್ನಡಕದವನು ಊಟದ ನಂತರವೇ ಇದ್ದ. ಪ್ರತಿ ಬದಲಾವಣೆಯ ಮೂಲೆಯಲ್ಲೂ ಒಂದು ಸಣ್ಣ ಕೆಂಪು ಗುರುತು. ಸರ್ವರ್ ಒಪ್ಪಿಕೊಂಡಿಲ್ಲ ಎಂದು ಅದರರ್ಥ.

'ಪಾಪ, ಅವನೇನು ಮಾಡಿದ್ದ ನಿಮಗೆ?' ಎಂದು ಕನ್ನಡಕದವನ ಹೆಸರು ತೋರಿಸಿದೆ. ಬೇಕಾದ ಮಾತು ಬಾಯಿಗೆ ಬರದೆ ಅಡ್ಡ ಮಾತು ತೆಗೆದಿದ್ದೆ.

'ನನ್ನ ಮೇಜಿನ ಮೇಲೆ ಟೀ ಚೆಲ್ಲಿದ. ಒರೆಸಲೂ ಇಲ್ಲ, ಸಾರೀನೂ ಅನ್ಲಿಲ್ಲ. ಬೆಳಗಿನ ಕೋಣೆ ಅವನಿಗೆ ಯಾಕೆ ಕೊಡ್ಲಿ?'

ದೊಡ್ಡಮ್ಮ ದೇವತೆಯೇನಲ್ಲ ಎನ್ನುವುದು ನಮಗೆಲ್ಲ ಗೊತ್ತಿದ್ದ ವಿಷಯವೇ. ನನಗೆ ನಗು ಬಂತು, ಅವರಿಗೂ ಬಂತು. ನಗು ಮುಗಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ.

'ದೊಡ್ಡಮ್ಮ, ನೀವು ಮಾಡ್ತಿರೋದು ಅಲ್ಲಿಗೆ ತಲುಪ್ತಿಲ್ಲ. ಹೊಸ ಸರ್ವರ್ ಬಂದಾಗಿಂದ ಒಂದೂ ತಲುಪಿಲ್ಲ.'

'ಗೊತ್ತು,' ಎಂದರು. 'ಕೆಂಪು ಗುರುತು ಕಾಣಲ್ವಾ ನನಗೆ? ಕಣ್ಣಿಗೇನಾಗಿದೆ?'

'ಮತ್ತೆ ನನಗೆ ಒಂದು ಫೋನ್ ಮಾಡಬಾರದಿತ್ತಾ?'

'ಮಾಡಿದ್ರೆ, ಇನ್ನೂ ಇದು ನಿಮ್ಮ ಹತ್ರ ಯಾಕಿದೆ ಅಂತ ಕೇಳ್ತಿದ್ರಿ. ಕೇಳಬೇಕಾದ್ದೇ ಬಿಡು.' ಅವರು ವಾಚಿನ ಪಟ್ಟಿ ಸರಿಮಾಡಿಕೊಂಡರು. 'ಅಲ್ಲಿಗೆ ತಲುಪದಿದ್ರೂ ಇಲ್ಲಿ ಕೆಲಸ ಆಗ್ತಿತ್ತಲ್ಲ, ತಮ್ಮಾ. ಆಫೀಸಿನವರು ಅರ್ಧ ದಿನಕ್ಕೆ ಇಟ್ಕೊಂಡಿದ್ದಾರೆ ಅಂತ ಇವಳಿಗೆ ಹೇಳಿದ್ದೀನಿ. ನನ್ನ ಮಗಳು ಒಳ್ಳೆಯವಳು. ಅಳಿಯನೂ ಒಳ್ಳೆಯವನೇ. ಮಗು ಅಂತೂ ಕೇಳಲೇಬೇಡ. ಆದ್ರೆ ಸುಮ್ನೆ ಕೂತಿದ್ರೆ ಕರೀತಾರೆ. ಕೆಲಸ ಇದೆ ಅಂದ್ರೆ ಕರೆಯಲ್ಲ. ಬೆಳಗ್ಗೆ ಒಂದಷ್ಟು ಹೊತ್ತು ಯಾರೂ ನನ್ನ ಕರೀಬಾರದು ಅನ್ಸುತ್ತೆ. ಅಷ್ಟೇ. ಜೀವನ ಪೂರ್ತಿ ಯಾರೋ ಒಬ್ಬರು ಮೇಜಿನ ಮುಂದೆ ನಿಂತು ಕರೆದಿದ್ದಾರೆ ನನ್ನ.'

ಕಟ್ಟುನಿಟ್ಟಿನ ಕೆಲಸ ಹೊತ್ತುಕೊಂಡು ಬಂದವನಿಗೆ ಇಂಥ ಮಾತು ಕೇಳಿಸಬಾರದು. ಕಿಟಕಿಯ ಹೊರಗೆ ಕೆಳಗಿನ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಸದ್ದು ಬರುತ್ತಿತ್ತು. ಅದನ್ನೇ ಕೇಳುತ್ತಾ ನಿಂತೆ.

'ತೆಗೀಲೇಬೇಕಾ?'

'ತೆಗೀಲೇಬೇಕು ದೊಡ್ಡಮ್ಮ. ರೋಗಿಗಳ ಹೆಸರಿದೆ.'

'ಹಾಗಾದ್ರೆ ನಾನೇ ತೆಗೀತೀನಿ. ಎಲ್ಲಿ ಒತ್ತಬೇಕು ಹೇಳು.'

ಹೇಳಿಕೊಟ್ಟೆ. ಖಾತೆಯನ್ನು ತೆಗೆಯಬೇಕೆ ಎಂದು ಪ್ರೋಗ್ರಾಮು ಕೇಳಿತು, ಹೌದು ಎಂದು ಒತ್ತಿದರು. ಖಚಿತವೇ ಎಂದು ಮತ್ತೊಮ್ಮೆ ಕೇಳಿತು. 'ಎಷ್ಟು ಸಲ ಹೇಳೋದು ಇದಕ್ಕೆ' ಎಂದು ಗದರಿ ಮತ್ತೆ ಒತ್ತಿದರು. ವಾರ ಪೂರ್ತಿ ಬಿಳಿಯ ಚೌಕಗಳಾದವು. ನಾನು ಅವರ ಮುಖ ನೋಡಲಿಲ್ಲ.

ಮಗಳು ಪರದೆ ಸರಿಸಿ ಟೀ ತಂದಳು. 'ಸರಿ ಹೋಯ್ತಾ?' ಎಂದು ನನ್ನನ್ನು ಕೇಳಿದಳು. ಉತ್ತರ ಕೊಟ್ಟದ್ದು ದೊಡ್ಡಮ್ಮ.

'ಆಫೀಸ್ ಮುಗೀತು ಕಣೆ. ನಾಳೆಯಿಂದ ಇಲ್ಲ.'

ಮಗಳು ಟ್ರೇ ಇಟ್ಟು ತಾಯಿಯ ಭುಜದ ಮೇಲೆ ಕೈಯಿಟ್ಟಳು. ನಿಜವಾಗಿಯೂ ನೊಂದುಕೊಂಡಳು. ಹಾಗೇ ಭುಜ ಸವರುತ್ತಾ ಸವರುತ್ತಾ ಅವಳ ಮುಖ ನಿಧಾನವಾಗಿ ಹಗುರವಾಯಿತು. 'ಹಾಗಾದ್ರೆ ಅಮ್ಮಾ, ನಾನು ಅಂಗಡೀಲಿ ಬೆಳಗಿನ ಪಾಳಿನೂ ಸೇರಿಸಿ ಮಾಡ್ತೀನಿ ಅಂತ ಹೇಳಿಬಿಡ್ಲಾ? ಅವರು ಕೇಳ್ತಾನೇ ಇದ್ದಾರೆ. ಮಗೂಗೆ ನೀವಿರ್ತೀರಲ್ಲ.' ಅವಳನ್ನು ದೂರುವಂತಿರಲಿಲ್ಲ. ಬೆಳಗಿನಿಂದ ಮಗುವನ್ನು ಹೊತ್ತು ಅವಳ ಸೊಂಟ ಒಂದು ಕಡೆಗೆ ವಾಲಿಹೋಗಿತ್ತು. ದೊಡ್ಡಮ್ಮ ಬಿಳಿಯ ಚೌಕಗಳನ್ನೇ ನೋಡುತ್ತಾ ಟೀ ಕುಡಿದು ಮುಗಿಸಿದರು. ಲೋಟ ಇಟ್ಟ ಮೇಲೆ ನನ್ನ ಕಡೆ ತಿರುಗಿದರು.

'ತಮ್ಮಾ, ಈ ಖಾಲಿ ಕ್ಯಾಲೆಂಡರನ್ನ ಇವಳ ಫೋನಿಗೆ, ಅಳಿಯನ ಫೋನಿಗೆ ಹಾಕೋಕಾಗುತ್ತಾ? ಕ್ಲಿನಿಕ್ಕಿಂದು ಬೇಡ. ನನ್ನದೇ.'

ಆಗುತ್ತದೆ ಎಂದೆ. ಅವರದೇ ಹೆಸರಲ್ಲಿ ಒಂದು ಹೊಸ ಮೇಲ್ ಖಾತೆ ತೆರೆದು, ಅದರ ಕ್ಯಾಲೆಂಡರನ್ನು ಮಗಳು ಅಳಿಯರೊಂದಿಗೆ ಹಂಚಿಕೊಳ್ಳುವ ಜಾಗಕ್ಕೆ ಬಂದೆ. ಏನೇನು ಕಾಣಬೇಕು ಎಂದು ಅದು ಕೇಳಿತು. ಓದಿ ಹೇಳಿದೆ: ಅವರು ತಿದ್ದಬಹುದು, ಅಥವಾ ಎಲ್ಲವನ್ನೂ ನೋಡಬಹುದು, ಅಥವಾ ಬಿಡುವಿದೆಯೋ ಇಲ್ಲವೋ ಅಷ್ಟನ್ನು ಮಾತ್ರ ನೋಡಬಹುದು.

'ಕೊನೇದು,' ಎಂದರು ದೊಡ್ಡಮ್ಮ.

ತಪ್ಪು ತಿಳಿದಿರಬಹುದೆಂದು ಮತ್ತೆ ವಿವರಿಸಿದೆ. 'ಏನು ಕೆಲಸ ಅಂತ ಅವರಿಗೆ ಕಾಣಲ್ಲ ದೊಡ್ಡಮ್ಮ.' 'ನೀನು ಹುಟ್ಟೋಕೆ ಮುಂಚೆ ನಾನು ಜನರ ಹೊತ್ತು ಹಂಚ್ತಿದ್ದೆ. ಕೊನೇದು ಒತ್ತು' ಎಂದರು. ಏನಾದರೂ ಕೆಟ್ಟರೆ ನೋಡಿಕೊಳ್ಳಲು ನನಗೆ ಮಾತ್ರ ಪೂರ್ತಿ ಹಕ್ಕು ಕೊಟ್ಟರು. ಮಗಳ ಫೋನಿನಲ್ಲಿ ಅದು ತಕ್ಷಣ ಬರಲಿಲ್ಲ. ಒಪ್ಪಿಗೆ ಕೇಳುವ ಮೇಲ್ ಬೇಡದ ಮೇಲ್‌ಗಳ ರಾಶಿಯಲ್ಲಿ ಹೋಗಿ ಬಿದ್ದಿತ್ತು. ಹುಡುಕಿ ಒತ್ತಿಸಿ, ಕಾಣಿಸಿದ ಮೇಲೆ ಮೆಟ್ಟಿಲಿಳಿದೆ.

ಕ್ಲಿನಿಕ್ಕಿನಲ್ಲಿ ಗದ್ದಲ ನಿಂತಿತು. ಕನ್ನಡಕದವನಿಗೆ ಬೆಳಗ್ಗೆ ಕೋಣೆ ಸಿಕ್ಕಿತು. ಹೊಸ ಸರ್ವರ್ ಬಹಳ ಒಳ್ಳೆಯದು ಎಂದು ಅವನು ಊರೆಲ್ಲಾ ಸಾರಿದ. ಉಳಿದವರು ಮಾತ್ರ ಈ ಕ್ಯಾಲೆಂಡರ್ ಮಾತೆತ್ತಿದರೆ ಬೇಡ ಅನ್ನುತ್ತೆ, ಹಳೆಯದಕ್ಕೆ ಸ್ವಲ್ಪ ಮುಲಾಜಿತ್ತು ಎಂದು ಮುಖ ಗಂಟು ಹಾಕಿಕೊಂಡರು.

ಮುಂದಿನ ವಾರ ದೊಡ್ಡಮ್ಮನ ಮಗಳ ಫೋನ್ ಬಂತು.

'ನೀವು ಹಾಕಿಕೊಟ್ಟ ಕ್ಯಾಲೆಂಡರಲ್ಲಿ ಏನೋ ತೊಂದರೆ ಇದೆ. ಬೆಳಗಿನ ಹೊತ್ತು ಪೂರ್ತಿ ಬೂದು ಬಣ್ಣ. ದಿನಾ ಹಾಗೇ. ಬಿಡುವಿಲ್ಲ ಅಂತ ಮಾತ್ರ ಬರುತ್ತೆ, ಏನು ಕೆಲಸ ಅಂತ ಬರಲ್ಲ. ಮಧ್ಯಾಹ್ನದಿಂದ ರಾತ್ರಿ ಮಗು ಮಲಗೋವರೆಗೂ ಖಾಲಿ ಇದೆ. ಅಮ್ಮನ್ನ ಕೇಳಿದ್ರೆ ಕ್ಯಾಲೆಂಡರ್ ನೋಡ್ಕೋ ಅಂತಾರೆ. ನನಗೆ ಅಂಗಡಿಯವರಿಗೆ ಇವತ್ತು ಉತ್ತರ ಕೊಡ್ಬೇಕು. ನಿಮಗೆ ಒಳಗಿಂದು ಕಾಣುತ್ತಲ್ಲ, ಸ್ವಲ್ಪ ನೋಡಿ ಹೇಳ್ತೀರಾ?'

ನೋಡುತ್ತೇನೆ ಎಂದು ಫೋನನ್ನು ಕಿವಿಗೆ ಒತ್ತಿಕೊಂಡೇ ತೆರೆದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಉದ್ದಕ್ಕೆ ಒಂದು ಪಟ್ಟಿ, ವರ್ಷ ಪೂರ್ತಿ ದಿನವೂ ಬರುವಂತೆ ಹಾಕಿದ್ದರು. ಒತ್ತಿ ಒಳಗೆ ಹೋದೆ. ವಿಷಯ ಎಂಬಲ್ಲಿ ಏನೂ ಬರೆದಿರಲಿಲ್ಲ. ಸ್ಥಳ ಎಂಬಲ್ಲಿ ಏನೂ ಇರಲಿಲ್ಲ. ಜೊತೆಗೆ ಯಾರು ಎಂಬಲ್ಲೂ ಖಾಲಿ.

'ಸೆಟ್ಟಿಂಗ್ ತಪ್ಪಿದೆಯಾ?' ಎಂದಳು.

'ಇಲ್ಲ. ಸರಿಯಾಗಿದೆ.'

'ಒಳಗೆ ಏನು ಕಾಣ್ತಿದೆ ನಿಮಗೆ?'

'ನಿಮ್ಮ ಅಮ್ಮನಿಗೆ ಬೆಳಗ್ಗೆ ಕೆಲಸ ಇದೆ,' ಎಂದೆ.

ಆ ಕಡೆ ಮಗು ಏನನ್ನೋ ಬೀಳಿಸಿತು. ಪಾತ್ರೆ ಎತ್ತಿಟ್ಟ ಸದ್ದಾಯಿತು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಉಸಿರು ಕೇಳಿಸಿತು.

'ಸರಿ ಬಿಡಿ,' ಎಂದಳು. 'ಮಧ್ಯಾಹ್ನದ ಪಾಳಿನೇ ರಾತ್ರಿವರೆಗೆ ಉದ್ದ ಮಾಡಿ ಅಂತ ಅಂಗಡೀಲಿ ಕೇಳ್ತೀನಿ. ಬೆಳಗ್ಗೆ ಅಮ್ಮನಿಗೆ ಬಿಡುವಿಲ್ಲ ಅಂತ ಹೇಳ್ತೀನಿ.'